ಗೊತ್ತಿದ್ದದ್ದೇ ಅಲ್ವಾ?

ರಿಪೋರ್ಟ್ ತೋರಿಸಿ ಮುಗಿಸಿದ ಮೇಲೆ ಮೀಟಿಂಗಿನಲ್ಲಿ ಒಂದು ಮಾತು ಬಂದೇ ಬರುತ್ತದೆ. ಯಾರೋ ಒಬ್ಬರು ಕುರ್ಚಿಗೆ ಒರಗಿಕೊಂಡು, ನಗುನಗುತ್ತಲೇ, "ಚೆನ್ನಾಗಿದೆ, ಆದ್ರೆ ಇದು ಗೊತ್ತಿದ್ದದ್ದೇ ಅಲ್ವಾ?" ಅನ್ನುತ್ತಾರೆ. ಉಳಿದವರು ಹೌದು ಹೌದು ಅಂತ ತಲೆಯಾಡಿಸುತ್ತಾರೆ. ವಾರಗಟ್ಟಲೆ ಜನರನ್ನು ಹುಡುಕಿ, ಅವರ ಜೊತೆ ಕೂತು, ರೆಕಾರ್ಡಿಂಗ್ ಮತ್ತೆ ಮತ್ತೆ ನೋಡಿ ಬರೆದು ತಂದದ್ದೆಲ್ಲ ಆ ಒಂದು ಮಾತಿಗೆ ಸಪ್ಪೆಯಾಗಿಬಿಡುತ್ತದೆ. ಆನ್‌ಲೈನ್ ಪ್ರಾಡಕ್ಟ್‌ಗಳಿಗೆ ಯೂಸರ್ ರಿಸರ್ಚ್ (ಅಂದರೆ ಜನ ಅವನ್ನು ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ ಅಂತ ನೋಡುವ ಕೆಲಸ) ಮಾಡಿ ಸಂಬಳ ತೆಗೆದುಕೊಳ್ಳುವ ನಮ್ಮಂಥವರೆಲ್ಲ ಈ ಮಾತು ಕೇಳಿದವರೇ. ಈ ಕೆಲಸದವರು ಇಬ್ಬರು ಒಂದು ಕಡೆ ಸೇರಿದರೆ ಮೊದಲು ಹೇಳಿಕೊಳ್ಳುವ ಗೋಳೂ ಇದೇ.

ಗೊತ್ತಿದ್ದರೆ ಮೊದಲೇ ಯಾಕೆ ಸರಿ ಮಾಡಲಿಲ್ಲ ಅಂತ ಕೇಳಬೇಕು ಅನ್ನಿಸುತ್ತದೆ. ಕೇಳಿದರೆ ಜಗಳ, ಕೇಳದಿದ್ದರೆ ಹೊಟ್ಟೆಯುರಿ. ಆದರೆ ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತದೆ. ಮನಃಶಾಸ್ತ್ರಜ್ಞರಾದ ಬರೂಕ್ ಫಿಶ್‌ಹಾಫ್ ಮತ್ತು ರುತ್ ಬೇತ್ ಇಬ್ಬರೂ ಇದರ ಬಗ್ಗೆ ಒಂದು ಸೊಗಸಾದ ಪ್ರಯೋಗ ಮಾಡಿದ್ದಾರೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಮಾಸ್ಕೋಗೂ ಹೋಗುವ ಮುಂಚೆ, ಅಲ್ಲಿ ಏನೇನು ಆಗಬಹುದು, ಒಂದೊಂದೂ ಆಗುವ ಸಾಧ್ಯತೆ ಎಷ್ಟು ಅಂತ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ ಅವರನ್ನೇ ಕರೆದು, ಆಗ ಏನು ಬರೆದಿದ್ರಿ ನೆನಪು ಮಾಡಿಕೊಂಡು ಹೇಳಿ ಅಂದರು. ಆಗಿಹೋದ ಘಟನೆಗಳಿಗೆ ತಾವು ನಿಜಕ್ಕೂ ಬರೆದದ್ದಕ್ಕಿಂತ ಜಾಸ್ತಿ ಸಾಧ್ಯತೆ ಕೊಟ್ಟಿದ್ದೆವು ಅಂತಲೇ ಅವರಿಗೆ ನೆನಪು. 1975ರಲ್ಲಿ ಇದು ಪ್ರಕಟವಾಯಿತು. ಉತ್ತರ ಒಮ್ಮೆ ತಲೆಗೆ ಹೊಕ್ಕಿತು ಅಂದರೆ, ಉತ್ತರ ಇಲ್ಲದಿದ್ದಾಗ ಏನು ಅಂದುಕೊಂಡಿದ್ದೆವು ಅನ್ನುವುದು ಅಳಿಸಿಹೋಗುತ್ತದೆ.

ಇದಕ್ಕೆ ನನಗಿಷ್ಟವಾದ ಉದಾಹರಣೆ ಫೋನಿನ ಅಂಕಿಗಳದ್ದು. ಫೋನಿನಲ್ಲಿ 1-2-3 ಮೇಲಿರುತ್ತದೆ. ಇದರಲ್ಲೇನು ವಿಶೇಷ, ಹಾಗೇ ತಾನೇ ಇರಬೇಕು? ಒಂದು ಕ್ಯಾಲ್ಕುಲೇಟರ್ ತೆಗೆದು ನೋಡಿ. ಅಲ್ಲಿ ಮೇಲಿರುವುದು 7-8-9. ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಬಟನ್ ಫೋನ್ ಮಾಡಲು ಹೊರಟಾಗ ಲೆಕ್ಕದ ಯಂತ್ರಗಳು ಆಗಲೇ ಇದ್ದವು. ಸುಮ್ನೆ ಅದನ್ನೇ ಎತ್ತಿಕೊಂಡಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅಲ್ಲಿದ್ದ ಜಾನ್ ಕಾರ್ಲಿನ್ ಎಂಬ ಮನಃಶಾಸ್ತ್ರಜ್ಞರ ತಂಡ ಹಾಗೆ ಮಾಡಲಿಲ್ಲ. ಅಂಕಿಗಳನ್ನು ದುಂಡಗೆ, ಅಡ್ಡಸಾಲಿನಲ್ಲಿ, ಚೌಕವಾಗಿ ಹೀಗೆ ಹಲವು ಥರ ಜೋಡಿಸಿ ಜನರ ಕೈಯಲ್ಲಿ ಒತ್ತಿಸಿದರು. ಯಾವುದರಲ್ಲಿ ಬೇಗ ಆಗುತ್ತದೆ, ಯಾವುದರಲ್ಲಿ ತಪ್ಪು ಕಡಿಮೆ, ಜನರಿಗೆ ಯಾವುದು ಹಿಡಿಸುತ್ತದೆ ಅಂತ ನೋಡಿದರು. 1960ರಲ್ಲಿ ಆ ಅಧ್ಯಯನ ಹೊರಬಂತು, 1963ರಲ್ಲಿ ಅಂಥ ಫೋನ್ ಗ್ರಾಹಕರ ಕೈಸೇರಿತು. ಇವತ್ತಿಗೂ ನಮ್ಮ ಜೇಬಿನ ಫೋನಿನಲ್ಲಿ ಅದೇ ಜೋಡಣೆ. ಆ ರಿಪೋರ್ಟ್ ಓದಿದ ಮೀಟಿಂಗಿನಲ್ಲೂ ಯಾರೋ ಒಬ್ಬರು ಕುರ್ಚಿಗೆ ಒರಗಿಕೊಂಡು, ಇದಕ್ಕೆ ಇಷ್ಟೆಲ್ಲ ಬೇಕಿತ್ತಾ ಅಂದಿರುತ್ತಾರೆ ಅನ್ನುವುದು ನನ್ನ ಗುಮಾನಿ.

ಮೊದಲು ಬರೆದು ಕೊಡಿ

ಫಿಶ್‌ಹಾಫ್ ಅವರ ಪ್ರಯೋಗವನ್ನೇ ಸ್ವಲ್ಪ ತಿರುಗಿಸಿ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಟೆಸ್ಟ್, ಅಂದರೆ ಜನರ ಕೈಗೆ ಆ್ಯಪ್ ಕೊಟ್ಟು ನೋಡುವುದು, ಶುರುವಾಗುವ ಮುಂಚೆ ಟೀಮಿನ ಎಲ್ಲರಿಗೂ ಒಂದೊಂದು ಹಾಳೆ. ಜನ ಈ ಸ್ಕ್ರೀನಿನಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಯಾಕೆ ಅಂತ ಎರಡೇ ಸಾಲು ಬರೆದು, ಕೆಳಗೆ ಹೆಸರು ಹಾಕಿ ಕೊಡಬೇಕು. ಎಂಜಿನಿಯರ್‌ಗಳು ಪಂದ್ಯ ಕಟ್ಟಿದ ಉತ್ಸಾಹದಲ್ಲಿ ಬರೆಯುತ್ತಾರೆ. ದೊಡ್ಡ ಹುದ್ದೆಯವರು ಸ್ವಲ್ಪ ಗೊಣಗುತ್ತಾರೆ, ಹೆಸರು ಹಾಕಲೇಬೇಕಾ ಅಂತ ಕೇಳುತ್ತಾರೆ. ಹಾಕಲೇಬೇಕು.

ಒಮ್ಮೆ ಟಿಕೆಟ್ ಬುಕಿಂಗ್ ಆ್ಯಪ್ ಒಂದಕ್ಕೆ ಕೆಲಸ ಮಾಡುತ್ತಿದ್ದೆ. ಪ್ರಯಾಣದ ದಿನ ಬದಲಾಯಿಸುವ ಪುಟದ್ದೇ ತಲೆನೋವು. ಜನ ಪುಟಕ್ಕೆ ಬರುತ್ತಾರೆ, ಸ್ವಲ್ಪ ಹೊತ್ತು ಇರುತ್ತಾರೆ, ಏನೂ ಒತ್ತದೆ ಹೊರಟುಹೋಗುತ್ತಾರೆ. ಆಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತಾರೆ. ಡೇಟಾದಲ್ಲಿ ಕಾಣುವುದು ಇಷ್ಟೇ. ಹಾಳೆಗಳಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಬಟನ್ ಬಣ್ಣ ಮಂಕಾಗಿದೆ, ಯಾರ ಕಣ್ಣಿಗೂ ಬೀಳುತ್ತಿಲ್ಲ ಅಂತ ಡಿಸೈನರ್ ಬರೆದಿದ್ದರು. ಪುಟ ತೆರೆದುಕೊಳ್ಳುವುದು ನಿಧಾನ ಅಂತ ಎಂಜಿನಿಯರ್. ಪುಟದ ತಲೆಬರಹ ಅರ್ಥವಾಗುತ್ತಿಲ್ಲ ಅಂತ ಪ್ರಾಡಕ್ಟ್ ಮ್ಯಾನೇಜರ್. ಜನರಿಗೆ ಮನುಷ್ಯರ ಜೊತೆ ಮಾತಾಡುವುದೇ ಇಷ್ಟ, ಏನು ಮಾಡಿದರೂ ಫೋನ್ ಮಾಡೇ ಮಾಡುತ್ತಾರೆ ಅಂತ ಕಸ್ಟಮರ್ ಕೇರ್ ನೋಡಿಕೊಳ್ಳುವವರು. ಎಲ್ಲವೂ ನಂಬುವ ಹಾಗೇ ಇದ್ದವು.

ಮೊದಲ ಸೆಷನ್‌ಗೆ ಬಂದವರು ಐವತ್ತು ದಾಟಿದ ಹೆಂಗಸು. ಆಗಾಗ ಪ್ರಯಾಣ ಮಾಡುವವರು, ಫೋನ್ ಚೆನ್ನಾಗಿ ಬಳಸುವವರು. "ಮೇಡಂ, ನಿಮ್ಮ ಪ್ರಯಾಣ ಎರಡು ದಿನ ಮುಂದಕ್ಕೆ ಹೋಯ್ತು ಅಂದ್ಕೊಳ್ಳಿ. ಟಿಕೆಟ್ ದಿನ ಬದಲಾಯಿಸ್ಬೇಕು. ನೀವೊಬ್ರೇ ಇದ್ದಾಗ ಹೇಗೆ ಮಾಡ್ತೀರೋ ಹಾಗೇ ಮಾಡಿ" ಅಂದೆ. ಅವರು ಆ್ಯಪ್ ತೆರೆದರು, ಟಿಕೆಟ್ ಹುಡುಕಿದರು, ಪುಟಕ್ಕೆ ಬಂದರು. ಬಟನ್ ಸಲೀಸಾಗಿ ಕಣ್ಣಿಗೆ ಬಿತ್ತು. ಹೆಬ್ಬೆರಳು ಅದರ ಮೇಲಕ್ಕೆ ಬಂತು, ಅಲ್ಲೇ ನಿಂತಿತು. ಕ್ಯಾಮೆರಾ ಮೇಲಿನಿಂದ ನೋಡುತ್ತಿತ್ತು, ಬೆರಳಿನ ನೆರಳು ಬಟನ್ ಮೇಲೆ ಬಿದ್ದದ್ದು ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೆರಳು ಹಿಂದಕ್ಕೆ ಬಂತು. ಪುಟ ಮೇಲಕ್ಕೆ ತಳ್ಳಿ ಟಿಕೆಟ್ಟಿನ ಮೊತ್ತ ನೋಡಿದರು. ಕೆಳಗೆ ಬಂದರು. ಮತ್ತೆ ಬೆರಳು ಬಟನ್ ಮೇಲೆ, ಮತ್ತೆ ಹಿಂದೆ. ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು.

ಈ ಕೆಲಸದಲ್ಲಿ ಕಷ್ಟ ಯಾವುದು ಅಂದರೆ ಈ ಗಳಿಗೆ. ಬಾಯಿ ತುರಿಸುತ್ತದೆ. "ಯಾಕೆ, ಬಟನ್ ಕಾಣಿಸ್ಲಿಲ್ವಾ?" ಅಂತ ಕೇಳಿಬಿಟ್ಟರೆ ಅವರು ಸೌಜನ್ಯಕ್ಕೆ ಹೂಂ ಅಂದುಬಿಡುತ್ತಾರೆ, ಡಿಸೈನರ್ ಬರೆದ ಹಾಳೆ ಗೆದ್ದುಬಿಡುತ್ತದೆ. ನಾನು ಸುಮ್ಮನೆ ಕೂತಿದ್ದೆ. ಆಮೇಲೆ ಅವರೇ ಶುರು ಮಾಡಿದರು: "ಒತ್ತಿದ ತಕ್ಷಣ ಇರೋ ಟಿಕೆಟ್ಟೂ ಹೋಗ್ಬಿಟ್ರೆ? ಎಷ್ಟು ದುಡ್ಡು ಕಟ್ ಆಗತ್ತೆ ಅಂತ ಎಲ್ಲೂ ಹಾಕಿಲ್ಲ. ನಾನಾದ್ರೆ ಫೋನ್ ಮಾಡಿ ಕೇಳ್ಕೊಂಡೇ ಮಾಡೋದು."

ಅಸಲಿಗೆ ಆ ಬಟನ್ ಒತ್ತಿದರೆ ಒಂದು ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ, ಅಷ್ಟೇ. ಕೊನೆಯಲ್ಲಿ ಒಪ್ಪಿಗೆ ಕೊಡುವವರೆಗೂ ಹಳೆಯ ಟಿಕೆಟ್ಟಿಗೆ ಏನೂ ಆಗುವುದಿಲ್ಲ. ಕಟ್ಟಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಇಲ್ಲಿ ಒಬ್ಬರು ಹೆದರಬಹುದು ಅಂತ ಅವರಿಗೆ ಹೊಳೆಯಲಿಲ್ಲ. ಆಮೇಲೆ ಬಂದವರಲ್ಲೂ ಅದೇ ಭಯ ಬೇರೆ ಬೇರೆ ವೇಷದಲ್ಲಿ ಬಂತು. ಒಬ್ಬ ಹುಡುಗ ಒತ್ತುವ ಮುಂಚೆ ಟಿಕೆಟ್ಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡ. ಯಾಕೆ ಅಂದರೆ, "ಸುಮ್ನೆ, ಇರ್ಲಿ ಅಂತ." ಇನ್ನೊಬ್ಬರು, ಇದು ನಿಜವಾದ ಟಿಕೆಟ್ ಅಲ್ಲ ತಾನೇ ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೋದರು. ಹಾಳೆಗಳನ್ನು ತೆಗೆದು ನೋಡಿದರೆ ಭಯ ಅನ್ನುವ ಮಾತು ಯಾರದರಲ್ಲೂ ಇರಲಿಲ್ಲ. ಹೊಸ ದಿನ ಆರಿಸಿದರೆ ಎಷ್ಟು ವ್ಯತ್ಯಾಸ ಅಂತ ಮೊದಲು ತೋರಿಸುತ್ತೇವೆ, ನೀವು ಒಪ್ಪುವವರೆಗೆ ಈ ಟಿಕೆಟ್ ಹಾಗೇ ಇರುತ್ತದೆ ಅಂತ ಬಟನ್ ಮೇಲೆ ಒಂದು ಸಾಲು ಸೇರಿಸಿದರು. ಬಣ್ಣ ಬದಲಾಯಿಸಲಿಲ್ಲ. ಆ ವಿಷಯಕ್ಕೆ ಬರುವ ಫೋನ್ ಕರೆಗಳು ಕಡಿಮೆಯಾದವು.

ಕೆಲವು ತಿಂಗಳು ಕಳೆದ ಮೇಲೆ ಅದೇ ಪ್ರಾಡಕ್ಟ್ ಮ್ಯಾನೇಜರ್ ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಿದ್ದರು: "ದುಡ್ಡಿನ ಸ್ಕ್ರೀನ್ ಅಂದ್ರೆ ಜನ ಹೆದರ್ತಾರೆ ನೋಡಿ, ಮುಂದೇನಾಗತ್ತೆ ಅಂತ ಮೊದ್ಲೇ ಹೇಳ್ಬೇಕು. ಇದು ಮೊದಲಿಂದ ಗೊತ್ತಿರೋದೇ." ಅವರ ಸಹಿ ಇದ್ದ ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು. ತೆಗೆಯಲಿಲ್ಲ. ಆ ವಿಷಯ ಈಗ ಅವರ ಸ್ವಂತದ್ದಾಗಿತ್ತು. ಮುಂದಿನ ಸ್ಕ್ರೀನ್ ಮಾಡುವಾಗ ನನ್ನನ್ನು ಕೇಳದೆಯೇ ಆ ಸಾಲು ಹಾಕುತ್ತಾರೆ. ನನಗೆ ಸಂಬಳ ಕೊಡುವುದು ಇದಕ್ಕೇ ತಾನೇ? ಹಾಗಾದರೆ ಹಾಳೆ ಬರೆಸುವುದು ಯಾಕೆ ಅಂತ ನೀವು ಕೇಳಬಹುದು. ಅವರನ್ನು ಆಮೇಲೆ ಹಿಡಿದು ಹಾಕುವುದಕ್ಕೆ ಅಂತೂ ಅಲ್ಲ. ಬರೆದವರು ಸೆಷನ್ ನೋಡಲು ಬಂದೇ ಬರುತ್ತಾರೆ, ತಮ್ಮ ಊಹೆ ಸರಿಯಾ ಅಂತ ತಿಳಿಯುವ ಆಸೆಗೆ. ನೋಡಿದವರು ಮರೆಯುವುದಿಲ್ಲ. ಎಷ್ಟೇ ಚೆಂದದ ಸ್ಲೈಡ್ ಮಾಡಿ ಕಳಿಸಿದರೂ ಇಷ್ಟು ಕೆಲಸ ಮಾಡುವುದಿಲ್ಲ.

ಬಾಯಿ ಹೇಳಿದ್ದು, ಕೈ ಮಾಡಿದ್ದು

ಈ ಕೆಲಸ ಅಂದರೆ ಜನರನ್ನು ಏನು ಬೇಕು ಅಂತ ಕೇಳಿ ಬರೆದುಕೊಂಡು ಬರುವುದು ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಅಷ್ಟೇ ಆಗಿದ್ದರೆ ಒಂದು ಸರ್ವೇ ಫಾರಂ ಸಾಕಿತ್ತು. ಮನಃಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ 1977ರಲ್ಲಿ ಬರೆದ ಪ್ರಯೋಗವೊಂದಿದೆ. ಅಂಗಡಿಯಲ್ಲಿ ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಯಾವುದು ಒಳ್ಳೆಯ ಗುಣಮಟ್ಟದ್ದು ಅಂತ ಬಂದವರನ್ನು ಕೇಳಿದರು. ನಾಲ್ಕೂ ಒಂದೇ ಥರದವು. ಜನ ಬಲತುದಿಯದನ್ನು ಎಡತುದಿಯದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಜಾಸ್ತಿ ಆರಿಸಿದರು. ಯಾಕೆ ಅದನ್ನೇ ಆರಿಸಿದ್ರಿ ಅಂತ ಕೇಳಿದರೆ ಒಬ್ಬರೂ ಅದು ಇದ್ದ ಜಾಗದ ಮಾತೆತ್ತಲಿಲ್ಲ. ಇಟ್ಟ ಜಾಗದಿಂದ ಏನಾದರೂ ವ್ಯತ್ಯಾಸ ಆಯಿತಾ ಅಂತ ನೇರವಾಗಿ ಕೇಳಿದರೂ ಬಹುತೇಕ ಎಲ್ಲರೂ ಇಲ್ಲ ಅಂದರು, ಇದೆಂಥ ಪ್ರಶ್ನೆ ಅನ್ನುವ ಹಾಗೆ ನೋಡಿದರು.

ಹಾಗಾಗಿ "ಈ ಫೀಚರ್ ಕೊಟ್ರೆ ಬಳಸ್ತೀರಾ?" ಅನ್ನುವ ಪ್ರಶ್ನೆಯನ್ನು ನನ್ನ ಪಟ್ಟಿಯಿಂದ ಯಾವತ್ತೋ ಕಿತ್ತುಹಾಕಿದ್ದೇನೆ. ಎಲ್ಲರೂ ಬಳಸ್ತೀವಿ ಅನ್ನುತ್ತಾರೆ. ಎದುರಿಗೆ ಕೂತವರ ಮನಸ್ಸು ನೋಯಿಸುವುದು ಯಾರಿಗೆ ಬೇಕು? ಅದರ ಬದಲು, ಹೋದ ಸಲ ಹೀಗಾದಾಗ ಏನು ಮಾಡಿದ್ರಿ, ಫೋನ್ ತೆಗೆದು ತೋರಿಸ್ತೀರಾ ಅಂತ ಕೇಳಿದರೆ ಕಥೆಯೇ ಬೇರೆ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲು ತನಗೇ ಮೆಸೇಜ್ ಕಳಿಸಿಕೊಳ್ಳುವವರು, ಬಿಲ್ ಹುಡುಕಲು ಗ್ಯಾಲರಿಯಲ್ಲಿ ನೂರಾರು ಫೋಟೊ ಸರಿಸುವವರು, ಆ್ಯಪ್‌ನಲ್ಲಿ ನೋಡಿದ್ದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವವರು ಆಗ ಸಿಗುತ್ತಾರೆ. ಇಂಥ ಅಡ್ಡದಾರಿಗಳಲ್ಲಿ ಇರುವಷ್ಟು ಸುದ್ದಿ ಬೇರೆಲ್ಲೂ ಇಲ್ಲ. ತಮಾಷೆ ಅಂದರೆ ಅವನ್ನು ಮಾಡುವವರಿಗೆ ಅದು ಹೇಳುವಂಥ ವಿಷಯ ಅಂತಲೇ ಅನ್ನಿಸಿರುವುದಿಲ್ಲ.

ಇನ್ನೊಂದು ಕೇಳಿ ಕೇಳಿ ಸಾಕಾದ ಮಾತು, "ಸಾರಿ, ನಂಗೆ ಇದೆಲ್ಲ ಅಷ್ಟಾಗಿ ಬರಲ್ಲ." ಸ್ಕ್ರೀನ್ ಅಧ್ವಾನವಾಗಿರುತ್ತದೆ, ಕ್ಷಮೆ ಕೇಳುವುದು ಅವರು. ನಾವು ಪರೀಕ್ಷೆ ಮಾಡ್ತಿರೋದು ಆ್ಯಪನ್ನ, ನಿಮ್ಮನ್ನಲ್ಲ ಅಂತ ಮೊದಲೇ ಹೇಳಿರುತ್ತೇವೆ. ಪ್ರಯೋಜನವಿಲ್ಲ. ಹೊಸಬರಿಗೆ ನಾನು ಜೆರಾಕ್ಸ್ ಕಂಪನಿಯ ಕಥೆ ಹೇಳುತ್ತೇನೆ. ಹಸಿರು ಬಟನ್ ಒತ್ತಿದರೆ ಸಾಕು ಅನ್ನುವ ಹಾಗೆ ಜಾಹೀರಾತು ಕೊಟ್ಟು ಮಾರಿದ ಕಾಪಿ ಯಂತ್ರ ಬಳಸಲು ಕಷ್ಟ ಅಂತ ಜನ ದೂರಿದರು. 1980ರ ದಶಕದ ಶುರುವಿನಲ್ಲಿ, ಆ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್, ಜನ ಆ ಯಂತ್ರದ ಜೊತೆ ಒದ್ದಾಡುವುದನ್ನು ವಿಡಿಯೊ ಮಾಡಿದರು. ಒಂದು ವಿಡಿಯೊದಲ್ಲಿ ಇಬ್ಬರು ಗಂಡಸರು ಪೇಚಾಡುತ್ತಾರೆ. ಇಬ್ಬರೂ ಕಂಪ್ಯೂಟರ್ ವಿಜ್ಞಾನಿಗಳು. ಅವರಲ್ಲೊಬ್ಬರು ಆಲನ್ ನ್ಯೂವೆಲ್, 1975ರಲ್ಲಿ ಹರ್ಬರ್ಟ್ ಸೈಮನ್ ಜೊತೆ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದವರು. (ಮಾಡುತ್ತಾ ಮಾಡುತ್ತಾ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿ ಅಂತ ನಾವು ಸೆಷನ್‌ಗಳಲ್ಲಿ ಕೇಳುತ್ತೇವಲ್ಲ, ಆ ವಿಧಾನಕ್ಕೆ ತಳಹದಿ ಹಾಕಿದವರಲ್ಲಿ ಇದೇ ಸೈಮನ್ ಒಬ್ಬರು.) ಅಂಥವರಿಗೇ ಕಾಪಿ ತೆಗೆಯಲು ಆಗದಿದ್ದಾಗ ಉಳಿದವರು ಯಾಕೆ ಸಾರಿ ಕೇಳಬೇಕು ಹೇಳಿ.

"ಐದೇ ಜನಾನಾ?"

ರಿಪೋರ್ಟ್ ಹಿಡಿಸದಿದ್ದಾಗ ಬರುವ ಪ್ರಶ್ನೆ ಇದು. ಹಿಡಿಸಿದರೆ ಬರುವುದಿಲ್ಲ, ಗಮನಿಸಿ ನೋಡಿ. ಒಂದು ಟೆಸ್ಟಿಗೆ ಐದು ಜನ ಸಾಕು ಅನ್ನುವುದು ಜನಪ್ರಿಯವಾದದ್ದು ಈ ಕ್ಷೇತ್ರದ ಹೆಸರಾಂತ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದರಿಂದ. ಒಬ್ಬರ ಜೊತೆ ಟೆಸ್ಟ್ ಮಾಡಿದರೆ ಇರುವ ತೊಂದರೆಗಳಲ್ಲಿ ಸರಾಸರಿ ಶೇಕಡಾ 31 ಸಿಗುತ್ತವೆ, ಹಾಗಾಗಿ ಐದು ಜನರಿಗೆ ಸುಮಾರು 85 ಸಿಗುತ್ತವೆ ಅನ್ನುವುದು ಅವರ ಲೆಕ್ಕ. ಮರುವರ್ಷವೇ ಇದೇ ಕ್ಷೇತ್ರದ ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ ದೊಡ್ಡ ವೆಬ್‌ಸೈಟ್‌ಗಳಲ್ಲಿ ನೋಡಿ, ಮೊದಲ ಐದು ಜನರಿಂದ ಸಿಕ್ಕಿದ್ದು ಶೇಕಡಾ 35 ಮಾತ್ರ ಅಂದರು. 2003ರಲ್ಲಿ ಸಂಶೋಧಕಿ ಲಾರಾ ಫಾಕ್ನರ್ 60 ಜನರ ಟೆಸ್ಟ್‌ಗಳಿಂದ ಐದೈದು ಜನರ ಗುಂಪುಗಳನ್ನು ಮತ್ತೆ ಮತ್ತೆ ಹೆಕ್ಕಿ ನೋಡಿದರು. ಕೆಲವು ಗುಂಪುಗಳಿಗೆ ಹೆಚ್ಚುಕಡಿಮೆ ಎಲ್ಲ ತೊಂದರೆಗಳೂ ಸಿಕ್ಕವು, ಒಂದು ಗುಂಪಿಗೆ ಸಿಕ್ಕಿದ್ದು ಶೇಕಡಾ 55 ಅಷ್ಟೇ.

ಈ ಜಗಳ ಇನ್ನೂ ಮುಗಿದಿಲ್ಲ, ನನಗೆ ಅದರಲ್ಲಿ ಆಸಕ್ತಿಯೂ ಕಡಿಮೆ. ರಸ್ತೆಯಲ್ಲಿ ಗುಂಡಿ ಇದೆ ಅಂತ ತಿಳಿಯಲು ಇಬ್ಬರು ಎಡವಿ ಬಿದ್ದರೆ ಸಾಕು. ದಿನಕ್ಕೆ ಎಷ್ಟು ಜನ ಬೀಳುತ್ತಾರೆ ಅಂತ ತಿಳಿಯಬೇಕಾದರೆ ಅಲ್ಲಿ ಕೂತು ಎಣಿಸಬೇಕು. ಎರಡೂ ಬೇರೆ ಬೇರೆ ಪ್ರಶ್ನೆ. ಟಿಕೆಟ್ ಪುಟದಲ್ಲಿ ಎಣಿಸುವ ಕೆಲಸ ಡೇಟಾ ಆಗಲೇ ಮಾಡಿತ್ತು, ಯಾಕೆ ಅನ್ನುವುದಕ್ಕೆ ಬೆರಳು ನೋಡಬೇಕಾಯಿತು. ಐದೇ ಜನಾನಾ ಅಂತ ಕೇಳಿದವರಿಗೆ ನಾನು ಈಗೀಗ ತಿರುಗಿ ಕೇಳುವುದು ಒಂದೇ: ಎಷ್ಟು ಜನ ಇದ್ದಿದ್ರೆ ನಿಮ್ಮ ಅಭಿಪ್ರಾಯ ಬದಲಾಗ್ತಿತ್ತು? ಹೆಚ್ಚಿನ ಸಲ ಉತ್ತರ ಇರುವುದಿಲ್ಲ.

ಸಂಖ್ಯೆಗಿಂತ ದೊಡ್ಡ ತಲೆನೋವು ಯಾರು ಬರುತ್ತಾರೆ ಅನ್ನುವುದು. ಭಾಗವಹಿಸಿದವರಿಗೆ ಒಂದಿಷ್ಟು ದುಡ್ಡೋ ವೋಚರೋ ಕೊಡುತ್ತೇವೆ. ಅದಕ್ಕೇ ಓಡಾಡುವವರ ಒಂದು ಪಡೆಯೇ ಇದೆ. ಇವತ್ತು ತಾಯಂದಿರ ಆ್ಯಪ್‌ಗೆ ತಾಯಿ, ನಾಳೆ ಟ್ರಕ್ ಮಾಲೀಕರ ಆ್ಯಪ್‌ಗೆ ಟ್ರಕ್ ಮಾಲೀಕಿ. ಇವರನ್ನು ಸೋಸಲು, ಯಾವ ಯಾವ ಆ್ಯಪ್ ಬಳಸುತ್ತೀರಿ ಅನ್ನುವ ಪಟ್ಟಿಯಲ್ಲಿ ಇಲ್ಲದೇ ಇರುವ ಒಂದು ಹೆಸರು ಸೇರಿಸುತ್ತೇವೆ. ಅದಕ್ಕೂ ಟಿಕ್ ಹಾಕಿದವರಿಗೆ ನಮಸ್ಕಾರ. ಬರುತ್ತೇನೆ ಅಂದವರು ಬಾರದಿರುವುದು ಇನ್ನೊಂದು ಪಾಡು. ರಿಸರ್ಚರ್ ಅನ್ನುವ ಹುದ್ದೆಯ ಅರ್ಧ ದಿನ ಹೋಗುವುದು ಫೋನ್ ಮಾಡಿ, "ಹೊರಟ್ರಾ?" ಅಂತ ಕೇಳುವುದರಲ್ಲಿ. ಕೆಲಸದ ಜಾಹೀರಾತುಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಟೆಸ್ಟಿಗೆ ಬಂದವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಅನ್ನುವುದನ್ನೂ ಬೇಸರದ ಕಾಗದಪತ್ರ ಅಂತ ನೋಡುವವರಿದ್ದಾರೆ. ಕಾರ್ಲಿನ್ ಕಾಲದಲ್ಲಿ ಹೀಗಿರಲಿಲ್ಲ. ಫೋನಿನ ತಂತಿ ಆಗ 3 ಅಡಿ ಇತ್ತು, ಅದನ್ನು ಗಿಡ್ಡ ಮಾಡಬಹುದಾ ಅಂತ ಕಂಪನಿಗೆ ತಿಳಿಯಬೇಕಿತ್ತು. ಅವರ ತಂಡದವರು ಸಹೋದ್ಯೋಗಿಗಳ ಕೋಣೆಗೆ ಕದ್ದು ನುಗ್ಗಿ, ಮೂರು ದಿನಕ್ಕೊಮ್ಮೆ ಒಂದೊಂದು ಇಂಚು ತಂತಿ ಕಡಿಮೆ ಮಾಡುತ್ತಾ ಬಂದರು. ಪೂರ್ತಿ ಒಂದು ಅಡಿ ಹೋಗುವವರೆಗೆ ಯಾರಿಗೂ ಗೊತ್ತಾಗಲಿಲ್ಲವಂತೆ. ಕೇಳಿದರೆ ನಗು ಬರುತ್ತದೆ. ಅದೇ ಬುದ್ಧಿ ದೊಡ್ಡ ಪ್ರಮಾಣದಲ್ಲಿ ಬಂದರೆ ನಗು ಬರುವುದಿಲ್ಲ. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಜನರ ಫೀಡ್‌ನಲ್ಲಿ ಖುಷಿಯ ಅಥವಾ ಬೇಸರದ ಪೋಸ್ಟ್‌ಗಳನ್ನು ಕಡಿಮೆ ಮಾಡಿ, ಅವರು ಬರೆಯುವುದರ ಮೇಲೆ ಏನು ಪರಿಣಾಮವಾಗುತ್ತದೆ ಅಂತ ನೋಡಿತು. ಆ ಜನರಿಗೆ ಹೇಳಿರಲಿಲ್ಲ. 2014ರಲ್ಲಿ ಅದು ಪ್ರಕಟವಾದಾಗ ದೊಡ್ಡ ಗದ್ದಲವಾಯಿತು. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಸಹಿ ಹಾಕಿಸಿಕೊಳ್ಳುವಾಗ, ಬೇಡ ಅನ್ನಿಸಿದ ಕ್ಷಣ ಎದ್ದು ಹೋಗಬಹುದು, ದುಡ್ಡು ಕೊಟ್ಟೇ ಕೊಡುತ್ತೇವೆ ಅನ್ನುವ ಸಾಲನ್ನು ನಾನು ಬಾಯಿಬಿಟ್ಟು ಓದುತ್ತೇನೆ.

ಈ ಕೆಲಸಕ್ಕೆ ಬರಬೇಕಾ?

ಹೊಸಬರು ಕೇಳುವುದು ಬೇರೆ. ಯಾವ ಕೋರ್ಸ್ ಮಾಡಬೇಕು, ಯಾವ ಟೂಲ್ ಕಲಿಯಬೇಕು. ನನ್ನ ಜೊತೆ ಕೆಲಸ ಮಾಡಿದ ಒಳ್ಳೆಯ ರಿಸರ್ಚರ್‌ಗಳಲ್ಲಿ ಮನಃಶಾಸ್ತ್ರ ಓದಿದವರಿದ್ದರು, ಪತ್ರಿಕೆಯಲ್ಲಿದ್ದವರಿದ್ದರು, ಶಾಲೆಯಲ್ಲಿ ಪಾಠ ಮಾಡಿದವರಿದ್ದರು, ಕಸ್ಟಮರ್ ಕೇರ್‌ನಲ್ಲಿ ವರ್ಷಗಟ್ಟಲೆ ಬೈಗುಳ ಕೇಳಿದವರೂ ಇದ್ದರು. ಕೊನೆಯವರು ಎಲ್ಲರಿಗಿಂತ ಬೇಗ ಪಳಗಿದರು. ಟೂಲ್ ಯಾವುದಾದರೂ ಎರಡು ವಾರದಲ್ಲಿ ಬರುತ್ತದೆ. ಬೇರೆಯವರು ಮಾತಾಡುವಾಗ ತನ್ನ ಮುಂದಿನ ಪ್ರಶ್ನೆಯ ಬಗ್ಗೆ ಯೋಚಿಸದೆ ಇರುವುದು ಎರಡು ವಾರದಲ್ಲಿ ಬರುವುದಿಲ್ಲ.

ಕೆಲಸ ಇರುತ್ತಾ ಅನ್ನುವ ಪ್ರಶ್ನೆ ಇನ್ನೂ ಗಟ್ಟಿ. 2022, 2023ರಲ್ಲಿ ಟೆಕ್ ಕಂಪನಿಗಳು ಜನರನ್ನು ತೆಗೆದಾಗ ರಿಸರ್ಚ್ ಟೀಮ್‌ಗಳಿಗೆ ಜೋರಾಗಿಯೇ ಪೆಟ್ಟು ಬಿತ್ತು. ಪ್ರವಾಸಿಗರಿಗೆ ಉಳಿಯಲು ಮನೆ ಕೊಡಿಸುವ ಏರ್‌ಬಿಎನ್‌ಬಿಯಲ್ಲಿ ರಿಸರ್ಚ್ ಮುಖ್ಯಸ್ಥರಾಗಿದ್ದ ಜಡ್ ಆ್ಯಂಟಿನ್ 2023ರಲ್ಲಿ ನಮ್ಮವರಿಗೇ ಚುರುಕು ಮುಟ್ಟಿಸುವಂಥ ಮಾತು ಬರೆದರು. ಕಂಪನಿಯ ದಿಕ್ಕು ಬದಲಿಸುವಷ್ಟು ದೊಡ್ಡದೂ ಅಲ್ಲದ, ನಾಳೆಯೇ ಸರಿಪಡಿಸಬಹುದಾದಷ್ಟು ಚಿಕ್ಕದೂ ಅಲ್ಲದ ನಡುಮಧ್ಯದ ಅಧ್ಯಯನಗಳನ್ನೇ ನಾವು ಮಾಡಿಕೊಂಡು ಬಂದೆವು, ಓದಲು ಚೆನ್ನಾಗಿರುತ್ತವೆ, ಉಪಯೋಗ ಕಡಿಮೆ ಅನ್ನುವುದು ಅವರ ವಾದ. ಬಹಳ ಜನರಿಗೆ ಸಿಟ್ಟು ಬಂತು. ನನಗೆ ಅವರು ಮುಕ್ಕಾಲು ಪಾಲು ಸರಿ ಅನ್ನಿಸುತ್ತದೆ. ಅವರು ಬಿಟ್ಟ ಕಾಲು ಪಾಲು ಏನು ಅಂದರೆ, ಅಂಥ ಅಧ್ಯಯನ ಬೇಕು ಅಂತ ಕೇಳುವವರು ಬೇರೆಯವರೇ. ತೀರ್ಮಾನ ತೆಗೆದುಕೊಳ್ಳಲು ಮನಸ್ಸಿಲ್ಲದಾಗ ರಿಸರ್ಚ್ ಮಾಡಿಸೋಣ ಅನ್ನುವುದು ಒಳ್ಳೆಯ ಉಪಾಯ.

ಈಗ ಎಐ ಬಂದಿದೆ. ಮಾತನ್ನು ಬರಹ ಮಾಡಲು, ಹತ್ತಾರು ಗಂಟೆಯ ರೆಕಾರ್ಡಿಂಗಿನಲ್ಲಿ ಒಂದು ಮಾತು ಎಲ್ಲಿದೆ ಅಂತ ಹುಡುಕಲು ನಾನೂ ಬಳಸುತ್ತೇನೆ, ಬೆನ್ನುನೋವು ಉಳಿಯುತ್ತದೆ. ಆದರೆ ಜನರ ಬದಲು ಎಐ ಸೃಷ್ಟಿಸಿದ ನಕಲಿ ಬಳಕೆದಾರರನ್ನೇ ಕೇಳಿಬಿಡಿ ಅಂತ ಮಾರುವವರೂ ಬಂದಿದ್ದಾರೆ. ಒಮ್ಮೆ ಕೂತು ಮಾತಾಡಿ ನೋಡಿದೆ. ಸಮಯಕ್ಕೆ ಸರಿಯಾಗಿ ಹಾಜರ್, ಪ್ರತಿ ಪ್ರಶ್ನೆಗೂ ಉತ್ತರ, ಉತ್ತರಕ್ಕೆ ಮೂರು ಕಾರಣ. ಸ್ಕ್ರೀನ್‌ಶಾಟ್ ಮಾತ್ರ ತೆಗೆಯಲಿಲ್ಲ. ಕಳೆದುಕೊಳ್ಳಲು ಅದಕ್ಕೆ ಟಿಕೆಟ್ಟೂ ಇಲ್ಲ, ದುಡ್ಡೂ ಇಲ್ಲ. ಅದು ಹೇಳಿದ್ದೆಲ್ಲ ನಿಜಕ್ಕೂ ಎಲ್ಲರಿಗೂ ಮೊದಲೇ ಗೊತ್ತಿದ್ದದ್ದೇ ಆಗಿತ್ತು.

ಇತ್ತೀಚೆಗೆ ಯಾರಾದರೂ ಅಧ್ಯಯನ ಬೇಕು ಅಂತ ಬಂದರೆ ಕೂರಿಸಿ ಒಂದು ವಿಷಯ ಕೇಳುತ್ತೇನೆ. ಉತ್ತರ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ? ಹೋದ ತಿಂಗಳು ಒಬ್ಬರು ಪ್ರಾಡಕ್ಟ್ ಹೆಡ್ ಬಂದಿದ್ದರು. ನೋಟಿಫಿಕೇಷನ್‌ಗಳ ಹೊಸ ಫೀಚರ್, ಕಟ್ಟಿ ಮುಗಿದಿದೆ, ಜನರಿಗೆ ಇಷ್ಟವಾಗುತ್ತಾ ನೋಡಬೇಕು. ಇಷ್ಟವಾಯಿತು ಅಂದರೆ? ಬಿಡುಗಡೆ ಮಾಡ್ತೀವಿ. ಆಗಲಿಲ್ಲ ಅಂದರೆ? ಸ್ವಲ್ಪ ಯೋಚಿಸಿದರು. "ಡೇಟ್ ಫಿಕ್ಸ್ ಆಗಿದೆ ಕಣ್ರೀ, ಹೇಗಿದ್ರೂ ಬಿಡ್ಲೇಬೇಕು." ಹಾಗಾದರೆ ಇನ್ನೂ ತೀರ್ಮಾನ ಆಗದೇ ಇರುವುದು ಏನಿದೆ ಅಂತ ಇಬ್ಬರೂ ಹುಡುಕಿದೆವು. ಒಂದೇ ಒಂದು ಸಿಕ್ಕಿತು: ಆ್ಯಪ್ ಹಾಕಿಕೊಂಡ ತಕ್ಷಣ ಎಲ್ಲ ನೋಟಿಫಿಕೇಷನ್ ಆನ್ ಇರಬೇಕಾ, ಅಥವಾ ಮುಖ್ಯವಾದವು ಮಾತ್ರ ಇದ್ದು ಉಳಿದವನ್ನು ಬೇಕಾದವರು ಆನ್ ಮಾಡಿಕೊಳ್ಳಬೇಕಾ. ಅದರ ಬಗ್ಗೆ ಟೀಮಿನಲ್ಲಿ ಎರಡು ಬಣ ಇದ್ದವು, ಯಾರೂ ಪಟ್ಟು ಬಿಡುತ್ತಿರಲಿಲ್ಲ. ಸೋಮವಾರ ಎರಡೂ ಬಣದಿಂದ ಹಾಳೆ ಬರೆಸಿಕೊಂಡೆ. ಜನರ ಫೋನ್‌ಗಳಲ್ಲಿ ಈಗಾಗಲೇ ಯಾವ ಯಾವ ಆ್ಯಪ್ ಸದ್ದು ಅಡಗಿಸಿದ್ದಾರೆ, ಯಾವಾಗ, ಯಾಕೆ ಅಂತ ತೋರಿಸಲು ಹೇಳಿ ಕೇಳುತ್ತಾ ಹೋದೆವು. ಒಂದು ಸಲ ಅಡಗಿಸಿದ್ದನ್ನು ಯಾರೂ ಮತ್ತೆ ಆನ್ ಮಾಡಿರಲಿಲ್ಲ. ಶುಕ್ರವಾರ ಮುಖ್ಯವಾದವು ಮಾತ್ರ ಅಂತ ತೀರ್ಮಾನವಾಯಿತು. ಸ್ಲೈಡ್ ಕೇಳಿದರು, ಅರ್ಧ ಪುಟ ಬರೆದು ಕಳಿಸಿದೆ.